ಕೆಳಹಲಗೆಯ ಶೀಶೆಗಳು

"ಈಗ ಸರಿಯಾಗಿ ನೋಡಿ, ಇನ್ಸ್‌ಪೆಕ್ಟರ್. ಕಣ್ಣು ಬೇರೆ ಕಡೆ ಹೊರಳಿಸಬೇಡಿ," ಎನ್ನುತ್ತ ಲಸಿಕೆ ಕೇಂದ್ರದ ಡಾಕ್ಟರ್ ಆರ್ತಿಕಾ ಗೌಂಡರ್ ಎರಡು ಪುಟ್ಟ ಶೀಶೆಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಜೋರಾಗಿ ಕುಲುಕಿದಳು.

ಎರಡರಲ್ಲೂ ಇದ್ದ ಲಸಿಕೆ ಹಾಲು ಬೆರೆಸಿದ ನೀರಿನಂತೆ ಬೆಳ್ಳಗಾಯಿತು. ಕಿಟಕಿಯ ಬೆಳಕು ಬೀಳುವ ಕಡೆ ಮೇಜಿನ ಮೇಲೆ ಅವನ್ನು ಅಕ್ಕಪಕ್ಕ ಇಟ್ಟು ಅವಳು ಹಿಂದೆ ಸರಿದಳು. ಇನ್ಸ್‌ಪೆಕ್ಟರ್ ಆಕಾನೀಸಿ ರೊಕೊತುಯಿ ಮೊಣಕಾಲೂರಿ ಕೂತು ಶೀಶೆಗಳ ಮಟ್ಟಕ್ಕೆ ಮುಖ ತಂದಳು. ಅವಳ ಬೆನ್ನ ಹಿಂದೆ ಸಾರ್ಜೆಂಟ್ ಧರ್ಮೇನ್ ಪಿಳ್ಳೆ ಬಾಯಲ್ಲಿದ್ದ ರೊಟ್ಟಿಯನ್ನು ನುಂಗುವುದನ್ನೂ ಮರೆತು ನಿಂತಿದ್ದ.

ಎಡಗಡೆಯ ಶೀಶೆ ಹಾಗೆಯೇ ಇತ್ತು. ಒಂದೇ ಸಮನಾದ ಬಿಳುಪು.

ಬಲಗಡೆಯದರಲ್ಲಿ ಏನೋ ನಡೆಯತೊಡಗಿತು. ಒಡೆದ ಹಾಲಿನಂಥ ಚೂರುಗಳು ಕಾಣಿಸಿಕೊಂಡು, ಒಂದರ ಮೇಲೊಂದು ಬಿದ್ದು, ತಳಕ್ಕೆ ಇಳಿದವು. ನೋಡನೋಡುತ್ತಿದ್ದಂತೆ ಮೇಲೆ ತಿಳಿನೀರು, ಕೆಳಗೆ ಗಸಿ.

"ಇದು ಒಮ್ಮೆ ಗಡ್ಡೆ ಕಟ್ಟಿ ಮತ್ತೆ ಕರಗಿದೆ," ಎಂದಳು ಆರ್ತಿಕಾ. "ಗಡ್ಡೆ ಕಟ್ಟಿದ ಲಸಿಕೆ ಸತ್ತ ಹಾಗೇ. ಚುಚ್ಚಿದ್ರೂ ಒಂದೇ, ಚೆಲ್ಲಿದ್ರೂ ಒಂದೇ."

ಎಡಗಡೆಯದು ಶೀತಲ ಕೋಣೆಯ ಮೇಲುಹಲಗೆಯದು. ಬಲಗಡೆಯದು ಕೆಳಹಲಗೆಯದು. ಅದೇ ಕೋಣೆಯಲ್ಲಿ, ಮುಚ್ಚಿದ ಬಾಗಿಲಿಗೆ ಒರಗಿಕೊಂಡು, ಮೆಲ್ಬರ್ನ್‌ನಿಂದ ಬಂದಿದ್ದ ಡಾಕ್ಟರ್ ಇಮೋಜೆನ್ ಥ್ವೇಟ್ ಕಳೆದ ಗುರುವಾರ ಬೆಳಿಗ್ಗೆ ಹೆಣವಾಗಿ ಸಿಕ್ಕಿದ್ದಳು. ಒಳಗಡೆಯ ಹಿಡಿ ಮುರಿದು, ಚಳಿಗೆ ಸತ್ತಳೆಂದು ಫಿಜಿಯ ಆ ಲಂಬಾಸಾ ಪಟ್ಟಣವೆಲ್ಲ ನಂಬಿತ್ತು.

ಆಕಾನೀಸಿ ಮಾತ್ರ ನಂಬಿರಲಿಲ್ಲ. ಅದು ಮನೆಯ ಫ್ರಿಜ್ಜಿನಷ್ಟು ತಣ್ಣಗಿರುವ ಕೋಣೆ, ಅಷ್ಟೆ. ಇಮೋಜೆನ್ ಟಾಸ್ಮೇನಿಯಾದಲ್ಲಿ ಹುಟ್ಟಿ ಬೆಳೆದವಳು, ಹಿಮ ಬೀಳುವ ಬೆಟ್ಟಗಳಲ್ಲಿ ಡೇರೆ ಹಾಕಿ ಮಲಗುತ್ತಿದ್ದವಳು. ಮೈಮೇಲೆ ದಪ್ಪ ಕೋಟೂ ಇತ್ತು. ಒಂದು ರಾತ್ರಿಯ ಆ ಚಳಿಗೆ ಇವಳು ಸಾಯುವ ಹೆಂಗಸಲ್ಲ ಎಂದು ಶವಪರೀಕ್ಷೆ ಮಾಡಿದ ವೈದ್ಯನೂ ತಲೆ ಕೆರೆದುಕೊಂಡಿದ್ದ.

ಯಂತ್ರ ಕೆಟ್ಟು ಕೋಣೆ ವಿಪರೀತ ತಣ್ಣಗಾಗಿರಬಹುದೇ ಎಂದು ಆಕಾನೀಸಿ ಕೇಳಿದಳು. ಆರ್ತಿಕಾ ಇಲ್ಲವೆಂದು ತಲೆಯಾಡಿಸಿದಳು. ತಣ್ಣನೆಯ ಗಾಳಿ ಬರುವ ಕಿಂಡಿ ಇರುವುದು ಮೇಲೆ, ಸೂರಿನ ಹತ್ತಿರ. ಯಂತ್ರದ ತಪ್ಪಾಗಿದ್ದರೆ ಮೊದಲು ಗಡ್ಡೆ ಕಟ್ಟಬೇಕಾದ್ದು ಮೇಲುಹಲಗೆಯ ಶೀಶೆಗಳು. ಕೆಳಗಿನವು ಮಾತ್ರ ಕಟ್ಟಿವೆಯೆಂದರೆ ಅವುಗಳ ಪಕ್ಕದಲ್ಲೇ ಯಾವುದೋ ವಿಪರೀತ ತಣ್ಣನೆಯ ವಸ್ತು ಕೂತಿತ್ತು.

"ಒಣ ಮಂಜುಗಡ್ಡೆ," ಎಂದಳು ಆಕಾನೀಸಿ, ತನಗೆ ತಾನೇ ಹೇಳಿಕೊಳ್ಳುವಂತೆ.

ಆರ್ತಿಕಾ ಹೌದೆಂದಳು. ಆಮೇಲೆ ಮೆಲುದನಿಯಲ್ಲಿ ಬಿಡಿಸಿ ಹೇಳಿದಳು. ಅದು ನೀರಿನ ಗಡ್ಡೆಯಲ್ಲ, ನಾವು ಹೊರಗೆ ಬಿಡುವ ಉಸಿರನ್ನೇ ಗಟ್ಟಿ ಮಾಡಿದ ಹಾಗೆ. ಕರಗಿದರೆ ನೀರಾಗುವುದಿಲ್ಲ, ಗಾಳಿಯಾಗುತ್ತದೆ. ಆ ಗಾಳಿಗೆ ಬಣ್ಣವಿಲ್ಲ; ಭಾರ ಮಾತ್ರ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ನೆಲದಿಂದ ಮೇಲಕ್ಕೆ, ತೊಟ್ಟಿಗೆ ನೀರು ತುಂಬುವಂತೆ ತುಂಬುತ್ತ ಬರುತ್ತದೆ. ಒಳಗಿರುವವರಿಗೆ ಮೊದಲು ಏದುಸಿರು, ಆಮೇಲೆ ತಲೆಸುತ್ತು. ಕೂತುಕೊಳ್ಳೋಣ ಅನ್ನಿಸುತ್ತದೆ. ಕೂತರೆ ಮುಗಿಯಿತು.

ಬೆಳಗಾಗುವಷ್ಟರಲ್ಲಿ ಗಡ್ಡೆಯೂ ಇರುವುದಿಲ್ಲ, ನೆಲದ ಮೇಲೆ ಒಂದು ತೊಟ್ಟು ತೇವವೂ ಉಳಿಯುವುದಿಲ್ಲ. ಉಳಿದದ್ದು ಒಡೆದ ಹಾಲಿನಂಥ ಈ ಶೀಶೆಗಳು ಮಾತ್ರ.

ಧರ್ಮೇನ್ ಕೊನೆಗೂ ರೊಟ್ಟಿ ನುಂಗಿದ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಅದರಲ್ಲಿದ್ದದ್ದು ಶೀತಲ ಕೋಣೆಯ ಬಾಗಿಲನ್ನು ಒಳಗಿನಿಂದ ತೆರೆಯುವ ಹಿಡಿ. ಮುರಿದು ಬಿದ್ದಿದೆ ಎಂದು ಮೊದಲ ದಿನ ಎಲ್ಲರೂ ಅಂದುಕೊಂಡಿದ್ದ ಹಿಡಿ.

"ಇದರ ತಿರುಪಿನ ಸುತ್ತು ನೋಡಿ ಮೇಡಂ. ಎಲ್ಲೂ ಮುರಿದಿಲ್ಲ, ಸವೆದೂ ಇಲ್ಲ. ಯಾರೋ ನಿಧಾನವಾಗಿ ತಿರುಗಿಸಿ ಬಿಚ್ಚಿದ್ದಾರೆ."

ಹೊರಗೆ ಸಕ್ಕರೆ ಕಾರ್ಖಾನೆಯ ಸಿಳ್ಳು ಕೇಳಿಸಿತು.

ಲಂಬಾಸಾದಲ್ಲಿ ಒಣ ಮಂಜುಗಡ್ಡೆ ಮಾಡುವವರು ಯಾರೂ ಇಲ್ಲ. ಅದು ಬರುವುದಿದ್ದರೆ ವಿಮಾನದಲ್ಲೇ ಬರಬೇಕು, ಹೆಪ್ಪುಗಟ್ಟಿಸಿದ ಯಾವುದೋ ವಸ್ತುವಿನ ಸುತ್ತ ತುಂಬಿಕೊಂಡು. ಆದರೆ ಈ ಕೇಂದ್ರಕ್ಕೆ ಹಾಗೆ ಏನೂ ಬರುವುದಿಲ್ಲ ಎಂದಳು ಆರ್ತಿಕಾ. ಫಿಜಿಯ, ಆಸ್ಟ್ರೇಲಿಯಾದ ಎರಡು ವಿಶ್ವವಿದ್ಯಾಲಯಗಳು ಸೇರಿ ಇಲಿಜ್ವರದ ಲಸಿಕೆಯನ್ನು ಇಲ್ಲಿ ಪರೀಕ್ಷಿಸುತ್ತಿವೆ. ಲಸಿಕೆ ಬರುವುದು ಸಾದಾ ತಣ್ಣನೆಯ ಪೆಟ್ಟಿಗೆಯಲ್ಲಿ. ಹೆಪ್ಪುಗಟ್ಟಿಸಿ ಕಳಿಸುವುದು ಹಳ್ಳಿಯವರ ರಕ್ತವನ್ನು, ಅದೂ ಇಲ್ಲಿಂದ ಮೆಲ್ಬರ್ನ್‌ಗೆ.

"ನಮ್ಮಿಂದ ಹೋಗುತ್ತೆ. ಅಲ್ಲಿಂದ ಯಾವತ್ತೂ ಬಂದಿಲ್ಲ," ಎಂದು ಹೇಳಿ ಬಾಗಿಲ ಕಡೆ ಒಮ್ಮೆ ನೋಡಿದಳು. "ನಾನು ಹೇಳಿದೆ ಅಂತ ಬೇಡ. ಬುಧವಾರ ಮಧ್ಯಾಹ್ನ ನಮ್ಮ ಮುಖ್ಯಸ್ಥರು, ರಾತು, ತಾವೇ ಗಾಡಿ ತಗೊಂಡು ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಮಂತ್ರಿಗಳು ಬಂದ್ರೂ ಎದುರುಗೊಳ್ಳೋಕೆ ಹೋಗದ ಮನುಷ್ಯ ಅವರು."

ಅಷ್ಟು ಹೇಳಿ ಅವಳು ಕೈಚೀಲ ಎತ್ತಿಕೊಂಡಳು. ವುನಿಮಾಕೊ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಎರಡನೇ ಚುಚ್ಚುಮದ್ದು ಇವತ್ತೇ. ಮಳೆ ಹಿಡಿಯುವ ಮೊದಲು ಮುಗಿಯಬೇಕು, ನರ್ಸ್ ಆಗಲೇ ಹೋಗಿದ್ದಾಳೆ ಎಂದಳು. ಕೇಂದ್ರದ ಬಿಳಿ ವ್ಯಾನು ಕಿಟಕಿಯ ಕೆಳಗೇ ನಿಂತಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಆಕಾನೀಸಿ ಆ ಬಲಗಡೆಯ ಶೀಶೆಯನ್ನೇ ನೋಡುತ್ತಿದ್ದಳು.

*

ಪಟ್ಟಣ ದಾಟುವುದೇ ಕಷ್ಟವಾಯಿತು. ಕಾರ್ಖಾನೆಯ ಗೇಟಿನಿಂದ ನದಿಯ ಸೇತುವೆಯವರೆಗೆ ಕಬ್ಬಿನ ಲಾರಿಗಳ ಸಾಲು. ಎಲ್ಲೋ ಗದ್ದೆಗೆ ಬೆಂಕಿ ಇಟ್ಟಿದ್ದರು. ಸುಟ್ಟ ಗರಿಯ ಕಪ್ಪು ಬೂದಿ ಗಾಜಿನ ಮೇಲೆ ಉದುರುತ್ತಿತ್ತು.

"ರಾತು ಫಿಲಿಮೋನೆ ರಾವುಸೊ," ಎಂದ ಧರ್ಮೇನ್, ಒಂದೊಂದು ಪದವನ್ನೂ ತೂಗಿ ನೋಡುವಂತೆ. "ಕೇಂದ್ರದ ಮುಖ್ಯಸ್ಥರು, ಮೂವತ್ತು ವರ್ಷ ಪಾಠ ಹೇಳಿದ ಪ್ರೊಫೆಸರ್ರು, ಅದರ ಮೇಲೆ ರಾತು ಅನ್ನೋ ಬಿರುದಿನ, ವುನಿಮಾಕೊದ ದೊರೆ ಮನೆತನ. ನೀವೇ ಕೇಳಿ ಮೇಡಂ. ನಾನು ಕೇಳಿದ್ರೆ 'ಪಿಳ್ಳೆ, ಹೋಗಿ ಕಬ್ಬು ಕಡಿ' ಅಂತಾರೆ."

"ನಿನ್ನ ಕೈಲಿ ಅದೂ ಆಗಲ್ಲ ಕಣೋ. ಹೊಟ್ಟೆ ಅಡ್ಡ ಬರುತ್ತೆ."

"ನಮ್ಮಪ್ಪ ಕಡಿದಿದ್ದು ಸಾಕು ಬಿಡಿ. ಗದ್ದೆ ನೀರಲ್ಲಿ ನಿಂತೂ ನಿಂತೂ ಇಲಿಜ್ವರ ಹತ್ತಿಸಿಕೊಂಡು, ಕಣ್ಣು ಅರಿಶಿನದ ಬಣ್ಣ ಆಗಿತ್ತು. ಬದುಕಿದ್ದೇ ಹೆಚ್ಚು."

ಅವನು ಅದನ್ನು ನಗುತ್ತಲೇ ಹೇಳಿದ. ಆಕಾನೀಸಿ ನಗಲಿಲ್ಲ. ಹೋದ ಮಳೆಗಾಲ ವುನಿಮಾಕೊದಲ್ಲಿ ತಾನೇ ನೋಡಿದ್ದು ಅವಳ ಕಣ್ಮುಂದೆ ಬಂತು. ಪ್ರವಾಹ ಇಳಿದ ಮೇಲೆ ಜ್ವರ ಬಂತು. ರಸ್ತೆ ಕೊಚ್ಚಿಹೋಗಿದ್ದರಿಂದ ರೋಗಿಗಳನ್ನು ಕುದುರೆಗಳ ಮೇಲೆ ಕೂರಿಸಿಕೊಂಡು ತಂದಿದ್ದರು. ಕೆಲವರು ದಾರಿಯಲ್ಲೇ ಹೋಗಿದ್ದರು.

ರಾತುವನ್ನು ಪ್ರಶ್ನಿಸುವುದು ಅವಳಿಗೆ ಹಗುರವಾದ ಕೆಲಸವಾಗಿರಲಿಲ್ಲ. ಅವಳ ತಾಯಿಯ ಕಡೆಯವರು ತಲೆತಲಾಂತರದಿಂದ ರಾತುವಿನ ಮನೆತನಕ್ಕೆ ಮೀನು ಹಿಡಿದು ಕೊಟ್ಟವರು. ಅವಳು ಪೊಲೀಸು ಸೇರಿದ ವರ್ಷ ಹಬ್ಬದ ಊಟದಲ್ಲಿ ಎಲ್ಲರೆದುರು ಎದ್ದು ನಿಂತು ಅವಳನ್ನು ಹೊಗಳಿದ್ದವನೂ ಇದೇ ರಾತು.

*

ಮುದುಕ ರಾತು ತನ್ನ ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದ. ಎದುರಿಗೆ ಮರದ ಬೋಗುಣಿಯಲ್ಲಿ ಯಂಗೋನಾ, ಬೇರು ಅರೆದು ಮಾಡುವ ಮಂಪರಿನ ಪಾನೀಯ, ಕಲಸಿಟ್ಟಿತ್ತು. ಹಗಲಲ್ಲಿ, ಅದೂ ಒಬ್ಬನೇ ಕೂತು ಕುಡಿಯುವವನಲ್ಲ ಅವನು. ನಾಲ್ಕೇ ದಿನಗಳಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು.

ಆಕಾನೀಸಿ ಬೂಟು ಬಿಚ್ಚಿ, ತಲೆ ತಗ್ಗಿಸಿ ನಡೆದು, ಅವನಿಗಿಂತ ಕೆಳಗಿನ ಮೆಟ್ಟಿಲ ಹತ್ತಿರದ ಚಾಪೆಯಲ್ಲಿ ಕೂತಳು. ಧರ್ಮೇನ್ ಅವಳ ಹಿಂದೆ ಕೂತ. ರಾತು ಏನೂ ಕೇಳದೆ ತೆಂಗಿನ ಚಿಪ್ಪಿನಲ್ಲಿ ಮೊಗೆದು ಚಾಚಿದ.

ಅವಳು ಆ ಮಣ್ಣುಬಣ್ಣದ ನೀರನ್ನು ನೋಡಿದಳು. ಬೇಡವೆನ್ನುವ ಹಾಗಿಲ್ಲ; ಬೇಡವೆಂದರೆ ಇಲ್ಲಿ ಮುಂದೆ ಒಂದು ಮಾತೂ ಹುಟ್ಟುವುದಿಲ್ಲ. ಕುಡಿದರೆ ಏನಾಗುತ್ತದೋ ಅದೂ ತಿಳಿಯದು. ಹಿಂದೆ ಧರ್ಮೇನ್ ಗಂಟಲು ಸರಿಮಾಡಿಕೊಂಡ.

ಪದ್ಧತಿಯಂತೆ ಒಮ್ಮೆ ಚಪ್ಪಾಳೆ ತಟ್ಟಿ, ಚಿಪ್ಪನ್ನು ತೆಗೆದುಕೊಂಡು, ಒಂದೇ ಗುಟುಕಿಗೆ ಕುಡಿದು ವಾಪಸು ಕೊಟ್ಟಳು. ನಾಲಿಗೆ ಜೋಮು ಹಿಡಿಯಿತು. ಅದು ಯಾವಾಗಲೂ ಹಿಡಿಯುವ ಜೋಮೇ.

"ನನ್ನ ಮನೆಯಲ್ಲಿ ಕುಡಿಯೋಕೆ ನಿನಗೆ ಹೆದರಿಕೆ ಆಯ್ತು," ಎಂದ ರಾತು.

"ಆಯ್ತು, ರಾತು. ತಪ್ಪು ತಿಳಿಯಬೇಡಿ."

"ಇಲ್ಲ. ಹೆದರಬೇಕಾದ್ದೇ."

ಬುಧವಾರ ವಿಮಾನ ನಿಲ್ದಾಣಕ್ಕೆ ಯಾಕೆ ಹೋಗಿದ್ದಿರಿ ಎಂದು ಅವಳು ಕೇಳಿದಳು. ಪುಸ್ತಕಗಳು ಬಂದಿದ್ದವು ಎಂದ. ಯಾವ ಪುಸ್ತಕ ಎಂದಾಗ ಹೆಸರು ಹೊಳೆಯಲಿಲ್ಲ. ಬಿಳಿ ಪೆಟ್ಟಿಗೆಯೊಂದನ್ನು ನಿಮ್ಮ ಗಾಡಿಗೆ ಏರಿಸಿದ್ದನ್ನು ಕಂಡವರಿದ್ದಾರೆ ಎಂದು ಅವಳು ಒಂದು ಸುಳ್ಳು ಬಿಟ್ಟಳು. ದೊಡ್ಡವರ ಮುಂದೆ ಅವಳು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಹೇಳಿ ಮುಗಿಸುವ ಹೊತ್ತಿಗೆ ಅವಳ ಕಿವಿ ಬಿಸಿಯಾಗಿತ್ತು.

ರಾತು ಬೋಗುಣಿಯನ್ನು ಪಕ್ಕಕ್ಕೆ ಸರಿಸಿದ.

"ಆ ಪೆಟ್ಟಿಗೆಯಲ್ಲಿ ಏನು ಬಂತು ಗೊತ್ತಾ, ಆಕಾನೀಸಿ? ಜ್ವರ ಬಂತು. ನಮ್ಮೂರಿನ ಜ್ವರಾನೇ ಅಲ್ಲಿಗೆ ಹೋಗಿ, ಬೆಳೆದು, ಗಟ್ಟಿಯಾಗಿ, ಮನೆಗೆ ವಾಪಸು ಬಂತು."

ಒಮ್ಮೆ ಬಾಯಿ ಬಿಟ್ಟ ಮೇಲೆ ಅವನು ನಿಲ್ಲಿಸಲಿಲ್ಲ. ಹೋದ ವರ್ಷ ವುನಿಮಾಕೊದ ರೋಗಿಗಳಿಂದ ತೆಗೆದು ಕಳಿಸಿದ ರಕ್ತದಿಂದ ಮೆಲ್ಬರ್ನ್‌ನ ಪ್ರೊಫೆಸರ್ ಆಲ್ಡೆನ್ ಕ್ರಾಸ್ಬಿ ಆ ರೋಗಾಣುವನ್ನು ಬೆಳೆಸಿದ್ದ. ಬೆಳೆಸಿದ್ದರಲ್ಲಿ ಅತಿ ಕ್ರೂರವಾದದ್ದನ್ನು ಆರಿಸಿ ಮತ್ತೆ ಬೆಳೆಸಿದ್ದ. ಲಸಿಕೆ ಹಾಕಿದ ಪ್ರಾಣಿಗಳಿಗೆ ಅದನ್ನು ಕೊಟ್ಟು ನೋಡಬೇಕು, ತಡೆದರೆ ಲಸಿಕೆ ಗೆದ್ದಂತೆ. ಅಲ್ಲಿ ಅದಕ್ಕೆ ಅಪ್ಪಣೆ ಸಿಗಲು ವರ್ಷಗಳು ಬೇಕು. ಇಲ್ಲಿ ಕೇಳುವವರಿಲ್ಲ. ಜೀವಂತ ರೋಗಾಣುವನ್ನು ಅಪ್ಪಣೆಯಿಲ್ಲದೆ, ಬೇರೆ ಹೆಸರಿನಲ್ಲಿ ಕಳಿಸಿಬಿಟ್ಟ. ರಾತು ಒಪ್ಪಿಕೊಂಡಿದ್ದ.

"ನೀವು ಒಪ್ಪಿದಿರಾ, ರಾತು?"

"ನನ್ನ ತಮ್ಮನ ಇಬ್ಬರು ಗಂಡುಮಕ್ಕಳನ್ನು ಒಂದೇ ವಾರದಲ್ಲಿ ಹೂತೆ. ಎರಡನೆಯವನ ಗುಂಡಿ ತೋಡೋಕೆ ಊರಲ್ಲಿ ಕೈಲಾಗೋ ಗಂಡಸರು ಸಿಗಲಿಲ್ಲ, ಎಲ್ಲಾ ಮಲಗಿದ್ದರು. ಈ ಸಲದ ಮಳೆಗೆ ಮುಂಚೆ ಲಸಿಕೆ ಗಟ್ಟಿ ಅಂತ ಗೊತ್ತಾಗಬೇಕಿತ್ತು ನನಗೆ. ನೀನಾಗಿದ್ದರೆ ಏನು ಮಾಡ್ತಿದ್ದೆ?"

ಇಮೋಜೆನ್ ಇದರಲ್ಲಿ ಹೇಗೆ ಬಂದಳು ಎಂದು ಅವಳು ಕೇಳಿದಳು.

ಇಮೋಜೆನ್‌ಗೆ ಅದು ಹೇಗೋ ತಿಳಿದುಹೋಗಿತ್ತು. ಪೆಟ್ಟಿಗೆಯ ಬೆನ್ನಿಗೇ ಅವಳೂ ಬಂದಳು. ಕೇಂದ್ರದ ಅಂಗಳದಲ್ಲೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಇದು ಒಡೆದು ಈ ಊರ ತೋಡಿಗೆ ಸೇರಿದರೆ ಯಾವ ಲಸಿಕೆಯೂ ಕಾಯುವುದಿಲ್ಲ ಎಂದು ಅವಳು ಪಟ್ಟು ಹಿಡಿದಳು. ರಾತು ಅದನ್ನು ಮುಂದಿನ ವಿಮಾನಕ್ಕೆ ವಾಪಸು ಕಳಿಸಲು ಒಪ್ಪಿದ. ಕೇಂದ್ರದ ದೊಡ್ಡ ಫ್ರೀಜರ್ ಕೆಟ್ಟು ಕೂತಿತ್ತು. ಹಾಗಾಗಿ ಪೆಟ್ಟಿಗೆಯನ್ನು ಅಲ್ಲಿಯವರೆಗೆ ಶೀತಲ ಕೋಣೆಯ ನೆಲದ ಮೇಲೆ ಇಟ್ಟ. ತಾನು ಸಂಜೆ ಮನೆಗೆ ಹೊರಟಾಗ ಅವಳು ಇನ್ನೂ ಕೇಂದ್ರದಲ್ಲೇ ಇದ್ದಳು. ಹೋಟೆಲಿಗೆ ಹೋಗುತ್ತಾಳೆ ಅಂದುಕೊಂಡ.

"ಬೆಳಿಗ್ಗೆ ಮೊದಲು ಬಾಗಿಲು ತೆಗೆದವನು ನಾನೇ. ಅವಳು ನನ್ನ ಕಾಲ ಮೇಲೇ ಒರಗಿ ಬಿದ್ದಳು." ಅವನ ದನಿ ಒಡೆಯಿತು. "ಮಂಜುಗಡ್ಡೆಯ ಗಾಳಿ ಏನು ಮಾಡುತ್ತೆ ಅಂತ ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು. ಅದನ್ನ ನಾನೇ ಒಳಗಿಟ್ಟಿದ್ದೆ. ಪೆಟ್ಟಿಗೆ ಎತ್ತಿ ಗಾಡಿಗೆ ಹಾಕಿದೆ, ಆಮೇಲೆ ನಿಮಗೆ ಫೋನ್ ಮಾಡಿದೆ. ಕೊಂದವನು ನಾನು, ಮಗಳೇ. ಬರೆದುಕೋ."

ಧರ್ಮೇನ್ ಸೊಂಟದ ಬೇಡಿಯ ಕಡೆ ಕೈ ಒಯ್ದ. ಆಕಾನೀಸಿ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ಮುದುಕನ ಮಾತಿನಲ್ಲಿ ಏನೋ ಒಂದು ಸರಿಹೊಂದುತ್ತಿರಲಿಲ್ಲ.

"ಪೆಟ್ಟಿಗೆಯನ್ನ ಮುಚ್ಚಿಯೇ ಇಟ್ಟಿದ್ದಿರಾ?"

"ಮುಚ್ಚಿ, ಅಂಟುಪಟ್ಟಿ ಸುತ್ತಿಯೇ ಇಟ್ಟಿದ್ದೆ."

"ಬೆಳಿಗ್ಗೆ?"

"ಮುಚ್ಚಳ ತೆಗೆದಿತ್ತು. ಅವಳೇ ನೋಡೋಕೆ ತೆಗೆದಿರಬೇಕು."

"ಒಳಗೆ ಗಡ್ಡೆ ಇತ್ತಾ, ರಾತು?"

"ಇಲ್ಲ. ರೋಗಾಣು ಇದ್ದ ನಳಿಕೆಗಳು ಮಾತ್ರ ಇದ್ದವು. ಗಡ್ಡೆ ಎಲ್ಲಾ ಆರಿಹೋಗಿದೆ ಅಂದ್ಕೊಂಡೆ."

ಅಷ್ಟು ದಪ್ಪದ ಪೆಟ್ಟಿಗೆಯಲ್ಲಿ ಒಂದೇ ರಾತ್ರಿಗೆ ಹೇಗೆ ಆರುತ್ತದೆ ಎಂದು ಅವಳು ಕೇಳಿದಳು. ಅವನು ಬೆರಳು ಮಡಿಸಿ ಗಂಟೆಗಳನ್ನು ಎಣಿಸಿ ನೋಡಿದ. ಮೆಲ್ಬರ್ನ್‌ನಿಂದ ಇಲ್ಲಿಯವರೆಗೆ ಬಂದರೂ ತುಂಬಿಯೇ ಇದ್ದ ಗಡ್ಡೆ ಅದು. ಪೆಟ್ಟಿಗೆಯಲ್ಲೇ ಇದ್ದಿದ್ದರೆ ಇನ್ನೂ ಎರಡು ದಿನ ಬರುತ್ತಿತ್ತು.

ಕೆಳಹಲಗೆಯ ಶೀಶೆಗಳು ಗಡ್ಡೆ ಕಟ್ಟಿವೆ ಎಂದು ಅವಳು ಹೇಳಿದಳು. ಪೆಟ್ಟಿಗೆಯೊಳಗಿದ್ದ ಗಡ್ಡೆ ಹೊರಗಿನ ಶೀಶೆಗಳನ್ನು ಕಟ್ಟಿಸಲಾರದು. ಯಾರೋ ಅದನ್ನು ತೆಗೆದು, ಪುಡಿ ಮಾಡಿ, ಕೆಳಹಲಗೆಯ ಉದ್ದಕ್ಕೂ ಶೀಶೆಗಳ ಹಿಂದೆ, ಕಣ್ಣಿಗೆ ಬೀಳದ ಹಾಗೆ ಹರಡಿದ್ದಾರೆ. ಬೇಗ ಬೇಗ ಗಾಳಿಯಾಗಲಿ ಎಂದು. ಬಾಗಿಲಿನ ಹಿಡಿಯನ್ನು ಬಿಚ್ಚಿದ್ದಾರೆ. ಆಮೇಲೆ ಆ ಹೆಂಗಸು ಒಳಗೆ ಹೋಗುವ ಹಾಗೆ ನೋಡಿಕೊಂಡಿದ್ದಾರೆ.

"ನೀವು ಹಿಡಿಯನ್ನ ಮುಟ್ಟಿದಿರಾ?"

"ಸಂಜೆ ಅದೇ ಹಿಡಿ ಒತ್ತಿಕೊಂಡು ಹೊರಗೆ ಬಂದೆ ನಾನು. ಸರಿಯಾಗೇ ಇತ್ತು."

"ಹಾಗಾದ್ರೆ ಕೊಂದವರು ನೀವಲ್ಲ, ರಾತು."

ಮುದುಕನ ಕೈಯಿಂದ ಚಿಪ್ಪು ಜಾರಿ ಚಾಪೆಯ ಮೇಲೆ ಉರುಳಿತು. ಅವನು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಊರಿನ ಮುಂದೆ ಎಂದೂ ಬಾಗದ ಆ ಬೆನ್ನು ಒಂದೇ ಸಮನೆ ಅಲುಗಿತು. ಆಕಾನೀಸಿ ಕಣ್ಣು ಬೇರೆ ಕಡೆ ತಿರುಗಿಸಿದಳು. ನಾಲ್ಕು ದಿನ ಅವನು ಇದನ್ನು ಹೊತ್ತುಕೊಂಡು ಇಲ್ಲಿ ಕೂತಿದ್ದ. ತಪ್ಪು ಅವನದೂ ಇತ್ತು, ಸಣ್ಣ ತಪ್ಪೇನಲ್ಲ. ಆದರೆ ಕೊಲೆ ಅವನದಲ್ಲ.

ಪೆಟ್ಟಿಗೆಯ ವಿಷಯ ಯಾರಿಗೆ ಗೊತ್ತಿತ್ತು ಎಂದು ಅವಳು ಮೆಲ್ಲಗೆ ಕೇಳಿದಳು.

"ನನಗೆ. ಸತ್ತ ಆ ಹುಡುಗಿಗೆ. ಕ್ರಾಸ್ಬಿಗೆ. ಕೇಂದ್ರದಲ್ಲಿ ಬೇರೆ ಒಬ್ಬರಿಗೂ ಉಸಿರೆತ್ತಿಲ್ಲ. ವಿಮಾನ ನಿಲ್ದಾಣಕ್ಕೂ ಊಟಕ್ಕೆ ಹೋಗ್ತೀನಿ ಅಂತ ಹೇಳಿಯೇ ಹೋಗಿದ್ದೆ."

ಆಕಾನೀಸಿಯ ಒಳಗೆ ಏನೋ ಸಣ್ಣಗೆ ಚುಚ್ಚಿತು. ಸಣ್ಣ ಪಟ್ಟಣ, ಯಾರು ಎಲ್ಲಿಗೆ ಹೋದರೂ ಯಾರಾದರೂ ಕಾಣುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ನಿಲ್ಲಲಿಲ್ಲ.

"ಈಗ ಪೆಟ್ಟಿಗೆ ಎಲ್ಲಿದೆ?"

ಮಲಾವು ಬಂದರಿನ ಮೀನಿನ ಮಂಜುಮನೆಯಲ್ಲಿ ಎಂದ. ಸಂಬಂಧಿಯೊಬ್ಬ ಅದನ್ನು ನೋಡಿಕೊಳ್ಳುತ್ತಾನೆ. ಹಿಂದಿನ ಮೂಲೆಯಲ್ಲಿ, ಮೀನಿನ ತೊಟ್ಟಿಗಳ ಹಿಂದೆ ಇಟ್ಟಿದೆ. ಅದರಲ್ಲಿರುವುದು ಇನ್ನೂ ಬದುಕಿದೆಯೇ ಎಂದು ಧರ್ಮೇನ್ ಕೇಳಿದ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಬದುಕಿರಬಾರದು ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೀನಿ," ಎಂದ ರಾತು.

*

ಮಂಜುಮನೆ ನೋಡಿಕೊಳ್ಳುವ ವೈಸಾಕೆ ರಬ್ಬರ್ ಬೂಟು ತೊಟ್ಟ ಭಾರೀ ಆಳು. ರಾತು ಕಳಿಸಿದ್ದಾರೆ ಎಂದ ಕೂಡಲೇ ಅವನ ಮುಖ ಗಂಟಿಕ್ಕಿತು.

"ಮತ್ತೆ ಕಳಿಸಿದ್ರಾ? ಬೆಳಿಗ್ಗೆನೇ ತರಿಸಿಕೊಂಡ್ರಲ್ಲ."

ಆಕಾನೀಸಿ ಅವನನ್ನು ದಾಟಿ ಒಳಗೆ ನುಗ್ಗಿದಳು. ಮೀನಿನ ತೊಟ್ಟಿಗಳ ಹಿಂದೆ, ನೆಲದ ಹಿಮದಲ್ಲಿ, ಪೆಟ್ಟಿಗೆ ಕೂತಿದ್ದ ಚೌಕದ ಗುರುತು ಇತ್ತು. ಪೆಟ್ಟಿಗೆ ಇರಲಿಲ್ಲ. ಅವಳು ತನಗೇ ತಿಳಿಯದಂತೆ ಬಾಗಿಲ ಕಡೆ ತಿರುಗಿ, ಅದು ತೆರೆದೇ ಇದೆಯೆಂದು ಖಚಿತಪಡಿಸಿಕೊಂಡು, ಬೇಗಬೇಗನೆ ಹೊರಗೆ ಬಂದಳು.

ಯಾರು ಒಯ್ದರು ಎಂದು ಧರ್ಮೇನ್ ಆಗಲೇ ಕೇಳುತ್ತಿದ್ದ.

"ಡಾಕ್ಟರಮ್ಮ. ನಾನು ಬಾಗಿಲು ತೆಗೆಯೋ ಹೊತ್ತಿಗೇ ಬಂದು ಕಾಯ್ತಿದ್ರು. ನಾನೇನು ಸುಮ್ನೆ ಕೊಡಲಿಲ್ಲ, ಕೇಳಿದೆ. ನನ್ನೆದುರಿಗೇ ರಾತುಗೆ ಫೋನ್ ಮಾಡಿದ್ರು. 'ಆಯ್ತು ರಾತು, ಹಾಗೇ ಮಾಡ್ತೀನಿ ರಾತು' ಅಂದ್ರು."

"ಆ ಕಡೆಯ ದನಿ ನಿನಗೆ ಕೇಳಿಸ್ತಾ?"

ವೈಸಾಕೆ ಯೋಚಿಸಿದ. ಇಲ್ಲವೆಂದ.

"ಯಾವ ಡಾಕ್ಟರಮ್ಮ?"

"ಗೌಂಡರ್ ಡಾಕ್ಟರಮ್ಮ. ನನ್ನ ಮಗಳಿಗೆ ಮೊದಲನೇ ಚುಚ್ಚುಮದ್ದು ಹಾಕಿದವರೇ ಅವರು. ನಂಗೆ ಗುರುತು ಸಿಗಲ್ವಾ? ಬಿಳಿ ವ್ಯಾನಲ್ಲಿ ಬಂದಿದ್ರು. ನಾನೇ ಎತ್ತಿ ಒಳಗಿಟ್ಟೆ."

ಬಂದರಿನ ಗಾಳಿ ಬೆಚ್ಚಗಿತ್ತು. ಆದರೂ ಆಕಾನೀಸಿಯ ತೋಳಿನ ರೋಮ ನಿಂತಿತು. ಆರ್ತಿಕಾ ತಮ್ಮೆದುರು ನಿಂತು ಶೀಶೆಗಳನ್ನು ಕುಲುಕುತ್ತಿದ್ದಾಗ, ಸಾವು ಹೇಗೆ ನೆಲದಿಂದ ಮೇಲಕ್ಕೆ ತುಂಬುತ್ತದೆಂದು ಬಿಡಿಸಿ ಹೇಳುತ್ತಿದ್ದಾಗ, ರಾತುವಿನ ಹೆಸರು ಎತ್ತಲೋ ಬೇಡವೋ ಎಂಬಂತೆ ಬಾಗಿಲ ಕಡೆ ನೋಡಿದಾಗ, ಆ ಪೆಟ್ಟಿಗೆ ಕಿಟಕಿಯ ಕೆಳಗೆ ವ್ಯಾನಿನಲ್ಲೇ ಕೂತಿತ್ತು. ಒಣ ಮಂಜುಗಡ್ಡೆಯ ವಿಷಯವನ್ನು ತಾನೇ ಕಂಡುಹಿಡಿದೆ ಎಂದು ಆಕಾನೀಸಿ ಅಂದುಕೊಂಡಿದ್ದಳು. ಕಂಡುಹಿಡಿದದ್ದಲ್ಲ, ಆರ್ತಿಕಾ ತೋರಿಸಿದ್ದು. ತೋರಿಸಿ, ಪೊಲೀಸರನ್ನು ಮುದುಕನ ಜಗಲಿಗೆ ಕಳಿಸಿ, ತಾನು ಬೇರೆ ದಾರಿ ಹಿಡಿದಿದ್ದಳು.

ಯಾಕೆ ಎಂಬುದು ಮಾತ್ರ ಹೊಳೆಯಲಿಲ್ಲ. ಹಳ್ಳಿಯ ಮಕ್ಕಳ ಹೆಸರುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡ ಹೆಂಗಸು ಅವಳು. ಜ್ವರದ ದಿನಗಳಲ್ಲಿ ಕುದುರೆಯ ಪಕ್ಕ ಮೊಣಕಾಲವರೆಗಿನ ಕೆಸರಿನಲ್ಲಿ ನಡೆದು ಬಂದವಳು.

ಧರ್ಮೇನ್ ಗಾಡಿಯನ್ನು ವುನಿಮಾಕೊ ದಾರಿಗೆ ತಿರುಗಿಸಿದ. ಆಕಾನೀಸಿ ಆರ್ತಿಕಾಳಿಗೆ ಫೋನ್ ಹಚ್ಚಿದಳು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಈ ಸಲ ಗಂಟೆಯೂ ಹೊಡೆಯಲಿಲ್ಲ.

ನರ್ಸ್ ವಾಸಿತಿಯ ಸಂಖ್ಯೆ ಹುಡುಕಿ ಹಚ್ಚಿದಳು. ತಕ್ಷಣವೇ ಎತ್ತಿದಳು. ಹಿಂದೆ ಹೆಂಗಸರ ಗುಜುಗುಜು, ಕೋಳಿಗಳ ಸದ್ದು ಕೇಳುತ್ತಿತ್ತು.

"ವಾಸಿತಿ, ನಾನು ಇನ್ಸ್‌ಪೆಕ್ಟರ್ ರೊಕೊತುಯಿ. ಡಾಕ್ಟರ್ ಗೌಂಡರ್ ಬಂದರಾ?"

"ಬಂದ್ರು ಮೇಡಂ. ಬಂದು ಆಗಲೇ ಬಹಳ ಹೊತ್ತಾಯ್ತು."

"ಚುಚ್ಚುಮದ್ದು ಶುರು ಮಾಡಿದೀರಾ?"

"ನಾನು ಮಾಡಿಲ್ಲ." ವಾಸಿತಿಯ ದನಿಯಲ್ಲಿ ಗಲಿಬಿಲಿ ಇತ್ತು. "ಇವತ್ತು ತಾವೊಬ್ಬರೇ ಹಾಕ್ತೀನಿ ಅಂದ್ರು. ನನ್ನನ್ನ, ಮೇಷ್ಟ್ರನ್ನ, ತಾಯಂದಿರನ್ನ, ಎಲ್ಲರನ್ನೂ ಹೊರಗೆ ಕಳಿಸಿದ್ರು. ನಾನು ತಂದಿದ್ದ ಲಸಿಕೆ ಇಲ್ಲೇ ಮರದ ಕೆಳಗೆ ಇದೆ, ಅದನ್ನೂ ತಗೊಳ್ಳಲಿಲ್ಲ. ಒಂದು ಬಿಳಿ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದವರು ಚಿಲಕ ಹಾಕಿಕೊಂಡಿದ್ದಾರೆ. ಬಾಗಿಲು ಬಡಿದ್ರೂ ಮಾತಾಡ್ತಿಲ್ಲ."

ಆ ಪೆಟ್ಟಿಗೆಯಲ್ಲಿದ್ದದ್ದು ಲಸಿಕೆಯಲ್ಲ, ರಾತು ಹೇಳಿದ ಜ್ವರ. ಧರ್ಮೇನ್‌ನ ಕಾಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿತು. ಕಬ್ಬಿನ ಗದ್ದೆಗಳು ಎರಡೂ ಕಡೆ ಹಿಂದಕ್ಕೆ ಓಡುತ್ತಿದ್ದವು.

"ವಾಸಿತಿ," ಎಂದಳು ಆಕಾನೀಸಿ, ಸಾಧ್ಯವಾದಷ್ಟು ನಿಧಾನವಾಗಿ. "ಮಕ್ಕಳು ಎಲ್ಲಿದ್ದಾರೆ?"

ಆ ಕಡೆ ವಾಸಿತಿ ಮತ್ತೊಮ್ಮೆ ಬಾಗಿಲು ಬಡಿದ ಸದ್ದು ಕೇಳಿಸಿತು.

"ಒಳಗೇ ಇದ್ದಾರೆ, ಮೇಡಂ."